ಕಾರಿಗೆ ಡ್ಯಾಶ್‌ಕ್ಯಾಮ್ ಕೂಡ್ಸೋದು ಹೆಂಗ? ಬೇಕಾದ ದಿನ ವಿಡಿಯೋ ಕೈಗೆ ಸಿಗಬೇಕಂದ್ರ ಏನು ಮಾಡಬೇಕು?

ಹುಬ್ಬಳ್ಳಿ-ಧಾರವಾಡದಾಗ ಈಗ ಯಾವ ಸಿಗ್ನಲ್‌ಗೆ ನಿಂತ್ರೂ ಅಕ್ಕಪಕ್ಕದ ಕಾರಿನ ಮುಂದಿನ ಗಾಜಿಗೆ ಸಣ್ಣದೊಂದು ಕರೀ ಕ್ಯಾಮೆರಾ ಅಂಟಿಸಿದ್ದು ಕಾಣ್ತೈತಿ. ಚಲೋ ಆತು. ಆದ್ರ ಯಾರೋ ಬಂದು ಗುದ್ದಿದ ದಿನ, ತಪ್ಪು ನಂದಲ್ಲ ಅಂತ ತೋರಸಾಕ ವಿಡಿಯೋ ಹುಡುಕಿದ್ರ ಎಷ್ಟೋ ಸಲ ಅಲ್ಲಿ ಏನೂ ಇರಂಗಿಲ್ಲ. ಕಾರ್ಡ್ ಯಾವಾಗೋ ಕೆಟ್ಟಿರ್ತೈತಿ, ಇಲ್ಲಾ ಚಾರ್ಜರ್ ಪಿನ್ ಸಡ್ಲಾಗಿ ಕ್ಯಾಮೆರಾ ಚಾಲೂನ ಆಗಿರಂಗಿಲ್ಲ, ಇಲ್ಲಾ ವಿಡಿಯೋ ಇದ್ರೂ ಅದರ ಮ್ಯಾಲ ಯಾವ್ದೋ ಹಳೇ ವರ್ಷದ ತಾರೀಕು ಬಿದ್ದಿರ್ತೈತಿ. ಎಷ್ಟು ಮೆಗಾಪಿಕ್ಸೆಲ್ ಅಂತ ಅಂಗಡಿಯಾಗ ಅರ್ಧ ತಾಸು ಕೇಳ್ತೀವಿ, ಆದ್ರ ಕಾರ್ಡ್ ಯಾವುದು ಹಾಕ್ತೀರಿ, ಕರೆಂಟ್ ಎಲ್ಲಿಂದ ತಗೋತೀರಿ ಅಂತ ಒಂದು ಮಾತು ಕೇಳಂಗಿಲ್ಲ. ಮೊದ್ಲು ಕೇಳಬೇಕಾದ್ದು ಅವೆರಡನ್ನ.

ನಮ್ಮ ಕಡೆ ರೋಡಿಗೆ ಇದು ಯಾಕ ಬೇಕು ಅಂತ ಭಾಳ ಹೇಳೋದು ಬ್ಯಾಡ. ಗಬ್ಬೂರಿಂದ ನರೇಂದ್ರ ತನಕ ಸುಮಾರು 30 ಕಿಲೋಮೀಟರ್ ಬೈಪಾಸ್, ಹಿಂದೂ ಮುಂದೂ ಹೆದ್ದಾರಿ ಅಗಲ ಆದ್ರೂ ಇದೊಂದು ತುಂಡು ವರ್ಷಗಟ್ಟಲೆ ಎರಡ ಲೇನ್ ಆಗಿ ಉಳೀತು. 2021ರ ಜನವರಿ 15ಕ್ಕ ಇಟಿಗಟ್ಟಿ ಹತ್ತರ, ದಾವಣಗೆರಿಯಿಂದ ಗೋವಾಕ್ಕ ಹೊಂಟಿದ್ದ ಗೆಳತ್ಯಾರ ಟೆಂಪೋಕ್ಕೂ ಟಿಪ್ಪರ್‌ಗೂ ಡಿಕ್ಕಿ ಆಗಿದ್ದನ್ನ ಈ ಕಡೆ ಮಂದಿ ಮರ್ತಿಲ್ಲ. ಅದು ಬಿಟ್ರ ಗದಗ ಕಡೆ ಸುಗ್ಗಿಯೊಳಗ ರಸ್ತಿ ಮ್ಯಾಲ ರಾಶಿ ಹಾಕಿರ್ತಾರ, ಕಲಘಟಗಿ-ಹಳಿಯಾಳ ಕಡೆ ಹಿಂದ ಲೈಟ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್, ಹಾವೇರಿ ಕಡೆ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹೇರ್ಕೊಂಡು ಹೊಂಟ ಗಾಡಿ. ಕ್ಯಾಮೆರಾ ಆಕ್ಸಿಡೆಂಟ್ ತಪ್ಪಸಂಗಿಲ್ಲ. ನಡೆದಿದ್ದನ್ನ ನಡೆದಂಗ ಹೇಳ್ತೈತಿ, ನಿಮ್ಮ ತಪ್ಪಿದ್ರ ಅದನ್ನೂ ಹೇಳ್ತೈತಿ, ಅದಕ್ಕ ಒಪ್ಪಿಕೊಂಡ ಕೂಡಿಸ್ರಿ.

ಕ್ಯಾಮೆರಾ ಆರಿಸೋದು

ಮೂರು-ನಾಕು ಸಾವಿರದಿಂದ ಹದಿನೈದಿಪ್ಪತ್ತು ಸಾವಿರ ತನಕ ಸಿಗ್ತಾವು. ಮೊದಲನೇದು ನೋಡಬೇಕಾದ್ದು ಒಳಗ ಬ್ಯಾಟರಿ ಐತೋ ಸೂಪರ್ ಕೆಪ್ಯಾಸಿಟರ್ ಐತೋ ಅನ್ನೋದು. ಏಪ್ರಿಲ್-ಮೇ ಬಿಸಲಾಗ ಹೊರಗ 38-40 ಡಿಗ್ರಿ ಇದ್ರ ಮುಚ್ಚಿ ನಿಲ್ಲಿಸಿದ ಕಾರಿನೊಳಗ ಗಾಜಿನ ಹತ್ತರ 60 ಡಿಗ್ರಿ ದಾಟೋದು ಸಹಜ, ಹಂಗ ಕಾದ್ರ ಲಿಥಿಯಂ ಬ್ಯಾಟರಿ ಉಬ್ಬತೈತಿ, ಕ್ಯಾಮೆರಾ ಬಾಯಿ ಬಿಡ್ತೈತಿ. ಸೂಪರ್ ಕೆಪ್ಯಾಸಿಟರ್ ಇದ್ದದ್ದು ಆ ಶೆಕಿ ತಡೀತೈತಿ. ಅದರಾಗ ಬಾಳ ಹೊತ್ತಿನ ಪವರ್ ಇರಂಗಿಲ್ಲ, ಕರೆಂಟ್ ಹೋದ ಕೂಡ್ಲೆ ಕಡೀ ಫೈಲ್ ಸೇವ್ ಮಾಡೋವಷ್ಟು ಇರ್ತೈತಿ, ನಮಗ ಬೇಕಾದ್ದೂ ಅಷ್ಟ.

ಎರಡನೇದು ಜಿಪಿಎಸ್. ಟೈಮ್ ತಾನ ಸರಿ ಮಾಡ್ಕೋತೈತಿ, ಜಾಗ, ಸ್ಪೀಡ್ ವಿಡಿಯೋ ಮ್ಯಾಲ ಬೀಳ್ತೈತಿ. ರೊಕ್ಕ ಇದ್ರ ಹಿಂದಿನ ಕ್ಯಾಮೆರಾನೂ ತಗೋರಿ, ಊರೊಳಗ ಹಿಂದಿಂದ ಬಂದು ತಾಗಸೋದ ಜಾಸ್ತಿ. 4ಕೆ ಇರ್ಲೇಬೇಕು ಅಂತೇನಿಲ್ಲ, ರಾತ್ರಿ ಚಲೋ ಕಾಣೋ ಸೆನ್ಸರ್ ಇದ್ರ ಸಾಕು. ಒಂದು ಮಾತು ತಿಳ್ಕೊಂಡಿರ್ರಿ, ಎದುರಿಂದ ಹೈ ಬೀಮ್ ಹಾಕ್ಕೊಂಡು ಬರೋ ಗಾಡಿ ನಂಬರ್ ರಾತ್ರಿ ಹೊತ್ತು ಎಂಥಾ ಕ್ಯಾಮೆರಾದಾಗೂ ಸರಿಯಾಗಿ ಓದಾಕ ಬರೋದು ಕಷ್ಟ.

ಕಾರ್ಡ್ ಬಗ್ಗೆ ಸ್ವಲ್ಪ ಜಾಸ್ತಿ

ಮೊಬೈಲಿಗೆ ಹಾಕೋ ಮಾಮೂಲಿ ಮೆಮೊರಿ ಕಾರ್ಡ್ ಇಲ್ಲಿ ನಡ್ಯಂಗಿಲ್ಲ. ಡ್ಯಾಶ್‌ಕ್ಯಾಮ್ ಗಾಡಿ ಚಾಲೂ ಇದ್ದಷ್ಟು ಹೊತ್ತು ಬರೀತಾನ ಇರ್ತೈತಿ, ಕಾರ್ಡ್ ತುಂಬಿದ ಮ್ಯಾಲ ಎಲ್ಲಾಕಿಂತ ಹಳೇ ಫೈಲ್ ಅಳಿಸಿ ಅದರ ಜಾಗದಾಗ ಹೊಸದು ಬರೀತೈತಿ, ಇದಕ್ಕ ಲೂಪ್ ರೆಕಾರ್ಡಿಂಗ್ ಅಂತಾರ. ಹಿಂಗ ಅಳಿಸಿ ಬರ್ದು ಅಳಿಸಿ ಬರ್ದು ಮಾಮೂಲಿ ಕಾರ್ಡ್ ಲಗೂನ ಸವೀತೈತಿ, ಅದೂ ಒಂದು ಸದ್ದಿಲ್ಲದ ಸವೀತೈತಿ, ಕ್ಯಾಮೆರಾ ಕೆಂಪು ಲೈಟ್ ಮಿಣುಕಿಸ್ತಾ ಇರ್ತೈತಿ ಒಳಗ ಮಾತ್ರ ಏನೂ ಉಳಿದಿರಂಗಿಲ್ಲ. ಅದಕ್ಕ 'ಹೈ ಎಂಡ್ಯೂರೆನ್ಸ್' ಅಂತ ಮ್ಯಾಲ ಬರ್ದಿರೋ ಕಾರ್ಡನ್ನ ತಗೋರಿ, ಬರಿಯೋ ಸ್ಪೀಡ್ ತೋರಸೋ ಯು3 ಇಲ್ಲಾ ವಿ30 ಗುರ್ತು ಇರ್ಲಿ.

ಸೈಜ್ ಲೆಕ್ಕ ಹಿಂಗೈತಿ. 1080ಪಿ (ಫುಲ್ ಎಚ್‌ಡಿ) ವಿಡಿಯೋ ಸೆಕೆಂಡಿಗೆ ಸುಮಾರು 15 ಮೆಗಾಬಿಟ್ ಅಂತ ಹಿಡಿದ್ರ ತಾಸಿಗೆ ಆರು-ಏಳು ಜಿಬಿ ಬೀಳ್ತೈತಿ, ಅಂದ್ರ 64 ಜಿಬಿ ಕಾರ್ಡಿನಾಗ ಎಂಟೊಂಬತ್ತು ತಾಸು. ಮುಂದೂ ಹಿಂದೂ ಎರಡೂ ಇದ್ರ ಅರ್ಧಕ್ಕ ಇಳೀತೈತಿ, ಆವಾಗ 128 ಜಿಬಿ ಬೇಕು. ಕ್ಯಾಮೆರಾ ಎಷ್ಟು ಜಿಬಿ ತನಕ ತಗೋತೈತಿ ಅಂತ ಡಬ್ಬಿ ಮ್ಯಾಲ ನೋಡ್ಕೊಂಡ ತರ್ರಿ. ಭಾಳ ಅಗ್ಗದ ಕಾರ್ಡ್ ಕಂಡ್ರ ಸಂಶಯ ಪಡ್ರಿ, ಮ್ಯಾಲ 128 ಅಂತ ಬರ್ದು ಒಳಗ 16 ಇರೋ ಡೂಪ್ಲಿಕೇಟ್ ಓಡಾಡ್ತಾವು. ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಐತಿ, ಕಂಪ್ಯೂಟರಿಗೆ ಹಾಕಿ ಪೂರ್ತಿ ಟೆಸ್ಟ್ ಮಾಡಿದ್ರ ನಿಜ ಗೊತ್ತಾಗ್ತೈತಿ. ತಾಸುಗಟ್ಟಲೆ ಹಿಡೀತೈತಿ ಆದ್ರ ಮಾಡ್ರಿ. ಆಮ್ಯಾಲ ಕಾರ್ಡನ್ನ ಕ್ಯಾಮೆರಾದೊಳಗ ಹಾಕಿ, ಕ್ಯಾಮೆರಾದ ಮೆನು ಒಳಗಿಂದನ ಫಾರ್ಮ್ಯಾಟ್ ಮಾಡ್ರಿ.

ಗಾಜಿಗೆ ಅಂಟಿಸೋದು

ಜಾಗ ಎಲ್ಲಿ ಅಂದ್ರ ಒಳಗಿನ ಕನ್ನಡಿ ಹಿಂದ, ಸ್ವಲ್ಪ ಎಡಕ್ಕ. ಡ್ರೈವರ್ ಕಣ್ಣಿಗೆ ಅಡ್ಡ ಬರಬಾರ್ದು, ವೈಪರ್ ಒರಸೋ ಜಾಗದ ಒಳಗ ಇರಬೇಕು, ಇಲ್ಲಂದ್ರ ಜುಲೈನ್ಯಾಗ ಯಲ್ಲಾಪುರ ಕಡೆ ಹೋದಾಗ ಮಳಿ ಹನಿ ಬಿಟ್ರ ಏನೂ ಕಾಣಂಗಿಲ್ಲ. ಕಂಪನಿಯಿಂದ ಬಂದ ಸೇಫ್ಟಿ ಕ್ಯಾಮೆರಾ ಅಲ್ಲೇ ಇದ್ರ ಅದಕ್ಕ ಮರೆ ಆಗಬಾರ್ದು.

ಅಂಟಿಸೋಕಿಂತ ಮೊದ್ಲು ಪವರ್ ಕೊಟ್ಟು ಸ್ಕ್ರೀನಿನಾಗ ನೋಡ್ರಿ, ಬಾನೆಟ್ ತುದಿ ಒಂಚೂರು ಕಂಡು ರಸ್ತಿ ಅರ್ಧ ಆಕಾಶ ಅರ್ಧ ಬರೋ ಹಂಗ ಕೂತ್ರ ಸರಿ. ಗಾಜನ್ನ ಸ್ಪಿರಿಟ್ ಹಚ್ಚಿದ ಅರಿವಿಲೆ ಒರಸಿ ಪೂರಾ ಒಣಗಿಸ್ರಿ, ಕ್ಯಾಮೆರಾ ಜೋಡಿ ಪಾರದರ್ಶಕ ಪೇಪರ್ ಕೊಟ್ಟಿದ್ರ ಮೊದ್ಲು ಅದನ್ನ ಗುಳ್ಳಿ ಇಲ್ಲದಂಗ ಅಂಟಿಸಿ ಅದರ ಮ್ಯಾಲ ಕ್ಯಾಮೆರಾ ಒತ್ರಿ. ಮುಂದ ತಗೀಬೇಕಾದ್ರ ಗಾಜಿಗೆ ಅಂಟು ಉಳಿಯಂಗಿಲ್ಲ. ಕ್ಯಾಮೆರಾ ತಗದು ಬರೇ ಸ್ಟ್ಯಾಂಡ್ ಅಷ್ಟ ಅಂಟಿಸಿ ಒಂದು ದಿನ ಬಿಟ್ರ ಹಿಡಿತ ಗಟ್ಟಿ ಆಗ್ತೈತಿ.

ವೈರ್ ಎಳಿಯೋದು, ಕರೆಂಟ್ ಕೊಡೋದು

ಸುಲಭದ ದಾರಿ ಅಂದ್ರ ಲೈಟರ್ ಸಾಕೆಟ್. ಜೋಡಿ ಬಂದ ಚಾರ್ಜರನ್ನ ಹಾಕ್ರಿ, ಮೊಬೈಲ್ ಚಾರ್ಜರ್ ಹಾಕಿದ್ರ ಕೆಲವು ಕ್ಯಾಮೆರಾ ನಡುವ ನಡುವ ಬಂದ್ ಆಗ್ತಾವು. ವೈರನ್ನ ಕ್ಯಾಮೆರಾದಿಂದ ಮ್ಯಾಲಿನ ಛಾವಣಿ ಅರಿವಿ ಅಂಚಿನೊಳಗ ಬೆರಳಿಲೆ ಇಲ್ಲಾ ಪ್ಲಾಸ್ಟಿಕ್ ಪಟ್ಟಿಲೆ ತುರುಕಿಕೊಂತ ಎಡಗಡೆ ಬಾಗಲ ತನಕ ಒಯ್ದು, ಬಾಗಲ ರಬ್ಬರ್ ಒಳಗ ಕೆಳಗಿಳಿಸಿ, ಗ್ಲೋವ್ ಬಾಕ್ಸ್ ಕೆಳಗಿಂದ ಸಾಕೆಟ್ ತನಕ ತರ್ರಿ. ಸ್ಕ್ರೂಡ್ರೈವರ್ ಬಳಸಬ್ಯಾಡ್ರಿ, ಅರಿವಿ ಹರೀತೈತಿ.

ಇಲ್ಲಿ ಒಂದು ಮಾತನ್ನ ಒತ್ತಿ ಹೇಳ್ತೀನಿ. ಗಾಜಿನ ಪಕ್ಕದ ಕಂಬದ ಮ್ಯಾಲ ಎಸ್‌ಆರ್‌ಎಸ್ ಏರ್‌ಬ್ಯಾಗ್ ಅಂತ ಬರ್ದಿದ್ರ ಅದರೊಳಗ ಕರ್ಟನ್ ಏರ್‌ಬ್ಯಾಗ್, ಅಂದ್ರ ಗುದ್ದಿದಾಗ ಪಕ್ಕದ ಕಿಟಕಿಗೆ ಪರದೆ ಹಂಗ ಬಿಚ್ಚಿಕೊಳ್ಳೋ ಬ್ಯಾಗ್ ಐತಿ ಅಂತ ಅರ್ಥ. ಅದರ ಮುಂದ ವೈರ್ ಹಾದು ಹೋದ್ರ ಬ್ಯಾಗ್ ಬಿಚ್ಚಿಕೊಳ್ಳೋ ಹೊತ್ತಿಗೆ ವೈರ್ ಅಡ್ಡ ಬರ್ತೈತಿ, ಇಲ್ಲಾ ವೈರ್ ಕಿತ್ತು ಮುಖಕ್ಕ ಬಡೀತೈತಿ. ವೈರ್ ಹೋಗೋದಾದ್ರ ಬ್ಯಾಗಿನ ಹಿಂದ ಹೋಗಬೇಕು, ಆ ಪ್ಲಾಸ್ಟಿಕ್ ಕವರ್ ಬಿಚ್ಚಿ ಗೊತ್ತಿಲ್ಲದವ್ರು ಕೈ ಹಚ್ಚಬ್ಯಾಡ್ರಿ, ಗೊತ್ತಿದ್ದವರ ಕೈಲೆ ಮಾಡಿಸ್ರಿ. ಅರ್ಧ ತಾಸಿನ್ಯಾಗ ಮುಗಿಸಿ ಕೊಡ್ತೀನಿ ಅನ್ನೋ ಅಂಗಡಿಯವ್ರಿಗೂ ವೈರ್ ಎಲ್ಲಿಂದ ಎಳೀತೀರಿ ಅಂತ ಬಾಯಿಬಿಟ್ಟು ಕೇಳ್ರಿ, ಬೇಕಾದ್ರ ಪಕ್ಕದಾಗ ನಿಂತು ನೋಡ್ರಿ. ಮನಿ ಮಂದಿ ಕೂಡೋ ಗಾಡಿ ಅದು.

ಸಾಕೆಟ್ ಖಾಲಿ ಇರ್ಲಿ, ಗಾಡಿ ನಿಂತಾಗೂ ರೆಕಾರ್ಡ್ ಆಗ್ಲಿ ಅನ್ನೋರಿಗೆ ಹಾರ್ಡ್‌ವೈರ್ ಕಿಟ್. ಕಾರಿನ 12 ವೋಲ್ಟನ್ನ 5 ವೋಲ್ಟ್ ಮಾಡಿ ಕೊಡ್ತೈತಿ. ಸಾಮಾನ್ಯವಾಗಿ ಮೂರು ವೈರ್ ಇರ್ತಾವು: ಕೆಂಪು ಚಾವಿ ತಿರುವಿದಾಗ ಅಷ್ಟ ಕರೆಂಟ್ ಬರೋ ಕಡೆಗೆ, ಹಳದಿ ಯಾವಾಗ್ಲೂ ಕರೆಂಟ್ ಇರೋ ಕಡೆಗೆ, ಕರೀದು ಬಾಡಿಯ ಲೋಹಕ್ಕ ಕೂತ ಬೋಲ್ಟಿಗೆ. ಬಣ್ಣ ಬ್ಯಾರೆ ಇರಬಹುದು, ಕಿಟ್ಟಿನ ಚೀಟಿ ನೋಡ್ರಿ. ಫ್ಯೂಸ್ ಬಾಕ್ಸ್ ಡ್ಯಾಶ್‌ಬೋರ್ಡ್ ಕೆಳಗ ಇಲ್ಲಾ ಗ್ಲೋವ್ ಬಾಕ್ಸ್ ಹಿಂದ ಇರ್ತೈತಿ, ಯಾವ ಫ್ಯೂಸ್ ಯಾವುದಕ್ಕ ಅಂತ ಗಾಡಿ ಪುಸ್ತಕದಾಗ ಐತಿ. ಟೆಸ್ಟರ್ ಹಿಡಿದು ನೋಡ್ರಿ, ಚಾವಿ ತಗದ ಮ್ಯಾಲೂ ಕರೆಂಟ್ ತೋರಿಸಿದ್ದು ಹಳದಿಗೆ, ಚಾವಿ ಹಾಕಿದಾಗ ಅಷ್ಟ ತೋರಿಸಿದ್ದು ಕೆಂಪಿಗೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್, ಇವುಗಳ ಫ್ಯೂಸ್ ಮುಟ್ಟಲೇಬ್ಯಾಡ್ರಿ. ವೈಪರ್, ರೇಡಿಯೋ, ಸಾಕೆಟ್ ಇಂಥಾವು ಸಾಕು. ವೈರ್ ಕತ್ತರಿಸಿ ಟೇಪ್ ಸುತ್ತೋ ಬದ್ಲಿ 'ಫ್ಯೂಸ್ ಟ್ಯಾಪ್' ಹಾಕಿಸ್ರಿ, ಹಳೇ ಫ್ಯೂಸೂ ಅದರಾಗ ಕೂಡ್ತೈತಿ, ಕ್ಯಾಮೆರಾಕ್ಕ ಬ್ಯಾರೆ ಸಣ್ಣ ಫ್ಯೂಸ್ ಇರ್ತೈತಿ. ಕತ್ತರಿಸಿದ ವೈರ್ ಕಂಡ್ರ ವಾರಂಟಿ ವಿಷಯದಾಗ ತಕರಾರು ಬರ್ತೈತಿ.

ನಿಂತ ಗಾಡಿ ರೆಕಾರ್ಡಿಂಗ್, ಅಂದ್ರ ಪಾರ್ಕಿಂಗ್ ಮೋಡ್, ಬ್ಯಾಟರಿ ತಿಂತೈತಿ. ಕಾಲು ಆಂಪಿಯರ್ ಎಳದ್ರ ದಿನಕ್ಕ 6 ಆಂಪಿಯರ್-ಅವರ್, ಸಣ್ಣ ಕಾರಿನ ಬ್ಯಾಟರಿನ 35ರ ಆಸುಪಾಸು, ರೈಲ್ವೆ ಸ್ಟೇಷನ್ ಪಾರ್ಕಿಂಗ್‌ನಾಗ ಗಾಡಿ ಬಿಟ್ಟು ಮೂರು ದಿನ ಬೆಂಗಳೂರಿಗೆ ಹೋದ್ರ ಅರ್ಧ ಬ್ಯಾಟರಿ ಖಾಲಿ. ಕಿಟ್ಟಿನಾಗ ಕಟ್-ಆಫ್ ವೋಲ್ಟೇಜ್ ಅಂತ ಇರ್ತೈತಿ, 12.0 ಇಲ್ಲಾ 12.2ಕ್ಕ ಇಡ್ರಿ, ಅದಕ್ಕಿಂತ ಇಳಿದ್ರ ಕ್ಯಾಮೆರಾ ತಾನ ಬಂದ್ ಆಗ್ತೈತಿ. ಉದ್ದ ಊರಿಗೆ ಹೋಗೋದಿದ್ರ ಪಾರ್ಕಿಂಗ್ ಮೋಡ್ ಆಫ್ ಮಾಡಿ ಹೋಗ್ರಿ.

ಹಿಂದಿನ ಕ್ಯಾಮೆರಾ ವೈರ್ ಛಾವಣಿ ಅಂಚಿನೊಳಗನ ಹಿಂದಕ ಹೋಗ್ತೈತಿ, ಡಿಕ್ಕಿ ಬಾಗಲಿಗೆ ದಾಟೋವಲ್ಲಿ ಇರೋ ರಬ್ಬರ್ ಕೊಳವಿ ಒಳಗ ತೂರಿಸ್ರಿ, ಹೊರಗ ಬಿಟ್ರ ಬಾಗಲ ಹಾಕಿದಾಗ ಜಜ್ಜತೈತಿ. ಹಿಂದಿನ ಗಾಜಿನ ಮಂಜು ತಗಿಯೋ ಡಿಫಾಗರ್ ಗೆರಿ ಮ್ಯಾಲ ಅಂಟಿಸಬ್ಯಾಡ್ರಿ.

ಸೆಟ್ಟಿಂಗ್

ತಾರೀಕು ಟೈಮ್ ಮೊದ್ಲು. ಜಿಪಿಎಸ್ ಇದ್ರೂ ಟೈಮ್ ಝೋನ್ +5:30 ಅಂತ ನೀವ ಕೊಡಬೇಕು. ಲೂಪ್ ಒಂದು ಇಲ್ಲಾ ಮೂರು ನಿಮಿಷ ಇಡ್ರಿ, ಫೈಲ್ ಸಣ್ಣದಿದ್ರ ಒಂದು ಕೆಟ್ರೂ ಉಳಿದಾವು ಉಳೀತಾವು. ಜಿ-ಸೆನ್ಸರ್ ಅಂದ್ರ ಗಾಡಿ ಜೋರು ಅಲುಗಿದ್ರ ಆ ಫೈಲನ್ನ ಅಳಿಸದಂಗ ಲಾಕ್ ಮಾಡೋದು. ಇದನ್ನ 'ಲೋ' ದಾಗ ಇಡ್ರಿ, ನಮ್ಮ ರೋಡಿನ ತಗ್ಗು, ಹಂಪ್ ಲೆಕ್ಕಕ್ಕ 'ಹೈ' ಇಟ್ರ ಪ್ರತಿ ತಗ್ಗಿಗೂ ಒಂದು ಫೈಲ್ ಲಾಕ್ ಆಗಿ ಕಾರ್ಡ್ ತುಂಬಿ, ಕಡಿಗೆ ಹೊಸದು ಬರ್ಯಾಕ ಜಾಗ ಉಳಿಯಂಗಿಲ್ಲ. ವೈಫೈ ಪಾಸ್‌ವರ್ಡ್ ಬದಲು ಮಾಡ್ರಿ, ಕಂಪನಿ ಕೊಟ್ಟಿದ್ದು ಎಲ್ಲಾರಿಗೂ ಗೊತ್ತಿರ್ತೈತಿ. ಮೈಕ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರ ಆಫ್ ಇರ್ಲಿ, ಗಾಡಿಯಾಗ ಮನಿ ಮಾತು ನಡೀತಾವು, ಅವೆಲ್ಲಾ ಕಾರ್ಡಿನ್ಯಾಗ ಯಾಕ? ಬಾಡಗಿ ಗಾಡಿ, ಡ್ರೈವರ್ ಇಟ್ಟ ಗಾಡಿ ಇದ್ರ ರೆಕಾರ್ಡ್ ಆಗ್ತೈತಿ ಅಂತ ಮೊದ್ಲ ಹೇಳಿಬಿಡ್ರಿ.

ಎಲ್ಲಾ ಮುಗಿದ ಮ್ಯಾಲ ಹುಬ್ಬಳ್ಳಿಯ ಹೊಸೂರಿಂದ ಉಣಕಲ್ ತನಕ ಹಗಲೊಮ್ಮೆ ರಾತ್ರೊಮ್ಮೆ ಹೋಗಿ ಬರ್ರಿ, ಮನಿಗೆ ಬಂದು ಮುಂದಿನ ಗಾಡಿ ನಂಬರ್ ಓದಾಕ ಬರ್ತೈತೇನು ನೋಡ್ರಿ. ರಾತ್ರಿ ನಂಬರ್ ಪ್ಲೇಟ್ ಬರೇ ಬೆಳ್ಳಗ ಹೊಳೆಯಾಕತ್ತಿದ್ರ ಎಕ್ಸ್‌ಪೋಷರ್ (ಬೆಳಕಿನ ಸೆಟ್ಟಿಂಗ್) ಒಂದು ಹಂತ ಇಳಿಸ್ರಿ. ಡ್ಯಾಶ್‌ಬೋರ್ಡಿನ ನೆರಳು ಗಾಜಿನ್ಯಾಗ ಬಿದ್ದಿದ್ರ ಅಲ್ಲಿಟ್ಟ ಸಾಮಾನು ತಗೀರಿ, ಇಲ್ಲಾ ಗಾಜಿನ ಹೊಳಪು ತಗಿಯೋ ಪೋಲರೈಝರ್ ಫಿಲ್ಟರ್ ಲೆನ್ಸಿಗೆ ಹಾಕ್ರಿ.

ಆಮ್ಯಾಲಿನ ಕೆಲಸ ಸಣ್ಣದು. ವಾರಕ್ಕೊಮ್ಮೆ ಒಂದು ಫೈಲ್ ತಗದು ನೋಡೋದು, ತಿಂಗಳಿಗೊಮ್ಮೆ ಬೇಕಾದ್ದು ತಕ್ಕೊಂಡು ಫಾರ್ಮ್ಯಾಟ್ ಮಾಡೋದು, ಎರಿಮಣ್ಣಿನ ಧೂಳು ಕೂತ ಗಾಜು ಒರಸೋದು. ಫೋನಿಗೆ ವಿಡಿಯೋ ಇಳಿಸಕೊಳ್ಳುಮುಂದ ಮೊಬೈಲ್ ಡೇಟಾ ಬಂದ್ ಮಾಡ್ರಿ, ಇಲ್ಲಂದ್ರ ಕ್ಯಾಮೆರಾದ ವೈಫೈ ಬಿಟ್ಟು ಬಿಟ್ಟು ಹೋಗ್ತೈತಿ.

ಗುದ್ದಿದ ಮ್ಯಾಲ

ಮೊದ್ಲು ಮನಷಾರು. ಗಾಡಿ ನಿಲ್ಲಿಸಿ ಪೆಟ್ಟಾದವ್ರನ್ನ ನೋಡ್ರಿ, 112ಕ್ಕ ಫೋನ್ ಹಚ್ರಿ. ಅದಾದ ಕೂಡ್ಲೆ ಕ್ಯಾಮೆರಾದ ಲಾಕ್ ಬಟನ್ ಒತ್ರಿ, ಆಮ್ಯಾಲ ಪವರ್ ತಗದು ಕಾರ್ಡ್ ಹೊರಗ ತಗದು ಕಿಸೆದಾಗ ಇಟ್ಕೋರಿ. ಗದ್ಲದಾಗ ಇದು ಮರ್ತು ಅದ ಗಾಡಿ ಮತ್ತ ನಾಕು ದಿನ ಓಡಿಸಿದ್ರ ಲೂಪ್ ಒಳಗ ಆ ಫೈಲ್ ಅಳಿಸಿ ಹೋಗಬಹುದು. ಮನಿಗೆ ಬಂದು ಲ್ಯಾಪ್‌ಟಾಪಿಗೆ ಕಾಪಿ ಮಾಡ್ರಿ, ಹಿಂದಿನ ಮುಂದಿನ ನಿಮಿಷದ ಫೈಲೂ ಸೇರಿಸಿ, ಕತ್ತರಿಸಬ್ಯಾಡ್ರಿ, ಹೆಸರು ಬದಲಿ ಮಾಡಬ್ಯಾಡ್ರಿ. ವಾಟ್ಸಾಪಿನ್ಯಾಗ ವಿಡಿಯೋ ಆಗಿ ಕಳಿಸಿದ್ರ ಕ್ವಾಲಿಟಿ ಇಳೀತೈತಿ, ಅದಕ್ಕ ಇನ್ಶೂರೆನ್ಸ್‌ನವ್ರಿಗೂ ಪೊಲೀಸ್ರಿಗೂ ಪೆನ್‌ಡ್ರೈವಿನ್ಯಾಗ ಮೂಲ ಫೈಲನ್ನ ಕೊಡ್ರಿ. ಪೆಟ್ಟಾದವ್ರ ವಿಡಿಯೋ ಗ್ರೂಪಿಗೆ ಹಾಕಬ್ಯಾಡ್ರಿ, ಅವರ ಮನಿಯವ್ರು ಅದನ್ನ ಹಂಗ ನೋಡಬಾರ್ದು.

ಕೋರ್ಟ್ ತನಕ ಹೋದ್ರ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ನಡೀತೈತಿ, ಮೊದ್ಲಿನ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ ಜಾಗಕ್ಕ ಇದು ಬಂತು. ಕಾಪಿ ಹಾಜರು ಮಾಡೋದಾದ್ರ ಅದರ ಜೋಡಿ ಸರ್ಟಿಫಿಕೇಟ್ ಬೇಕು, ಅದರಾಗ ಎರಡು ಭಾಗ, ಒಂದು ವಿಡಿಯೋ ಕೊಡೋರು ತುಂಬೋದು ಇನ್ನೊಂದು ತಜ್ಞರು ತುಂಬೋದು, ಫೈಲಿನ ಹ್ಯಾಶ್ ವ್ಯಾಲ್ಯೂನೂ ಬರೀಬೇಕು. ಹ್ಯಾಶ್ ಅಂದ್ರ ಫೈಲಿನಿಂದ ಲೆಕ್ಕ ಹಾಕಿ ತಗದ ಒಂದು ಉದ್ದನೆ ಸಂಖ್ಯೆ, ವಿಡಿಯೋದಾಗ ಒಂಚೂರು ಬದಲಾದ್ರೂ ಅದು ಬ್ಯಾರೆನ ಬರ್ತೈತಿ. ಮೂಲ ಕಾರ್ಡನ್ನ ಮತ್ತ ಕ್ಯಾಮೆರಾಕ್ಕ ಹಾಕದ ಒಂದು ಲಕೋಟಿಯಾಗ ಇಟ್ಟು ತಾರೀಕು ಬರೀರಿ, ಹೊಸ ಕಾರ್ಡ್ ತಂದು ಗಾಡಿಗೆ ಹಾಕ್ರಿ, ಕ್ಲೇಮ್ ಇಲ್ಲಾ ಕೇಸ್ ಮುಗಿಯೋ ತನಕ ಆ ಲಕೋಟಿ ಮನ್ಯಾಗ ಇರ್ಲಿ. ಪೊಲೀಸ್ರು ಕಾರ್ಡನ್ನ ಕೇಳಿದ್ರ ಕಾಪಿ ಇಟ್ಕೊಂಡು ಕೊಡ್ರಿ, ಕೊಟ್ಟಿದ್ದಕ್ಕ ಬರ್ದಿದ್ದು ಒಂದು ಕಾಗದ ಇಸ್ಕೋರಿ.