ಬಿಸಿಲೇ ಬಿಡಿಸುವ ಕಡಲ ಪಾಚಿ

ಇಳಿತದ ಹೊತ್ತಿಗೆ ಸೋಮೇಶ್ವರ ಕಡಲತೀರದ ಬಂಡೆಗಳ ಕಡೆ ಹೋದರೆ ಕಾಲಿಗೆ ಮೊದಲು ಸಿಗುವುದು ಪಾಚಿ. ಜಾರುತ್ತೆ ಅಂತ ಬೈದುಕೊಂಡು ದಾಟುತ್ತೇವೆ, ಅಲ್ವಾ? ಅದೇ ಪಾಚಿಯನ್ನು ಗೋಡೆಗೆ ಹಾಕಿ ಒಂದು ಪ್ರದರ್ಶನ ಮಾಡಬಹುದು. ಕ್ಯಾಮೆರಾ ಬೇಡ, ಚಿತ್ರ ಬಿಡಿಸಲು ಬರಬೇಕೆಂದೂ ಇಲ್ಲ. ಬಿಸಿಲಿದ್ದರೆ ಸಾಕು.

ಮದ್ದು ಬಳಿದ ಹಾಳೆಯ ಮೇಲೆ ವಸ್ತುವನ್ನಿಟ್ಟು, ಬಿಸಿಲಿಗೊಡ್ಡಿ ನೀಲಿ ಅಚ್ಚು ಪಡೆಯುವ ಈ ವಿದ್ಯೆಯ ಹೆಸರು ಸಯನೋಟೈಪ್. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಮರುವರ್ಷವೇ ಆನ್ನಾ ಆಟ್ಕಿನ್ಸ್ ಎಂಬಾಕೆ ಬ್ರಿಟನ್ನಿನ ಕಡಲ ಪಾಚಿಗಳನ್ನು ಹೀಗೆ ಅಚ್ಚು ಹಾಕಿ ಪುಸ್ತಕ ಮಾಡತೊಡಗಿದರು. ಕೂದಲೆಳೆಯಂಥ ಪಾಚಿಯನ್ನು ಕೈಯಲ್ಲಿ ಸರಿಯಾಗಿ ಬಿಡಿಸುವುದು ಕಷ್ಟ ಅನ್ನುವುದೇ ಕಾರಣ. ಮುಂದೆ ಎಂಜಿನಿಯರುಗಳ ಬ್ಲೂಪ್ರಿಂಟ್ ಆದದ್ದೂ ಇದೇ ವಿದ್ಯೆ.

ಮೊದಲು ಪಾಚಿ ತನ್ನಿ

ಮಳೆಗಾಲ ಬೇಡ. ಆಗ ಬಿಸಿಲೂ ಇಲ್ಲ, ಬಂಡೆಯೂ ಅಪಾಯ. ಮಳೆ ಮುಗಿದ ಮೇಲೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ ಹೋಗಿ. ಆಗ ನೀರು ಜಾಸ್ತಿ ಕೆಳಗಿಳಿಯುತ್ತದೆ. ಬಂಡೆಯಿಂದ ಕೀಳಬೇಡಿ, ದಡಕ್ಕೆ ಬಂದು ಬಿದ್ದದ್ದೇ ಬೇಕಾದಷ್ಟಿರುತ್ತದೆ. ಹವಳ, ಕಡಲಕುದುರೆ ಕಂಡರೆ ಮುಟ್ಟದೆ ಬನ್ನಿ. ಕಾನೂನು ಅವುಗಳನ್ನು ಕಾಯುತ್ತದೆ.

ಮನೆಯಲ್ಲಿ ಒಂದು ತಟ್ಟೆ ನೀರಿನಲ್ಲಿ ಪಾಚಿಯನ್ನು ತೇಲಿಬಿಡಿ. ಅಡಿಗೆ ದಪ್ಪ ಹಾಳೆ ತೂರಿಸಿ, ನಿಧಾನವಾಗಿ ಮೇಲೆತ್ತಿ. ಮುದ್ದೆಯಾಗಿದ್ದ ಎಳೆಗಳೆಲ್ಲ ತಾವಾಗಿಯೇ ಹರಡಿಕೊಳ್ಳುತ್ತವೆ. ಇದನ್ನು ನೋಡುವುದೇ ಒಂದು ಖುಷಿ. ಮೇಲೆ ಹಳೇ ಪಂಚೆಯ ತುಂಡು, ಅದರ ಮೇಲೆ ಪೇಪರ್, ಆಮೇಲೆ ಭಾರ. ಪೇಪರನ್ನು ದಿನಾ ಬದಲಿಸಿ. ಪಾಚಿಯ ಲೋಳೆಯೇ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಹೀಗೆ ಅಂಟಿಸಿದ್ದನ್ನು ಪ್ರದರ್ಶನಕ್ಕೇ ಇಟ್ಟುಕೊಳ್ಳಿ. ಅಚ್ಚಿಗೆ ಬೇಕಾದದ್ದನ್ನು ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಇದೇ ರೀತಿ ಹರಡಿ ಒಣಗಿಸಿ.

ಅಚ್ಚು ಹಾಕುವುದು

ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, 100 ಮಿ.ಲೀ. ನೀರಿಗೆ. ಪೊಟಾಸಿಯಂ ಫೆರಿಸೈನೈಡ್ 10 ಗ್ರಾಂ, ಇನ್ನೊಂದು 100 ಮಿ.ಲೀ. ನೀರಿಗೆ. ಎರಡನ್ನೂ ಬೇರೆ ಬೇರೆ ಕಂದು ಬಾಟಲಿಯಲ್ಲಿಡಿ. ಬೇಕಾದಾಗ ಮಾತ್ರ ಸಮಪಾಲು ಬೆರೆಸಿ. ಕೈಗೆ ಗ್ಲೌಸ್ ಇರಲಿ. ಅಡುಗೆ ಪಾತ್ರೆ ಬೇಡ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹತ್ತಿರ ಸುಳಿಯದಿರಲಿ.

ಪರದೆ ಎಳೆದು, ಮಂದ ಬಲ್ಬಿನ ಬೆಳಕಿನಲ್ಲಿ ವಾಟರ್‌ಕಲರ್ ಹಾಳೆಗೆ ಬ್ರಷ್‌ನಿಂದ ಬಳಿಯಿರಿ. ಕತ್ತಲಲ್ಲೇ ಒಣಗಲಿ. ಹಳದಿ ಮಿಶ್ರಿತ ಹಸಿರು ಕಾಣುತ್ತದೆ. ಮೇಲೆ ಪಾಚಿಯ ಶೀಟ್, ಅದರ ಮೇಲೆ ಹಳೇ ಫೋಟೊ ಫ್ರೇಮಿನ ಗಾಜು ಇಟ್ಟು ಮಧ್ಯಾಹ್ನದ ಬಿಸಿಲಿಗಿಡಿ. ಹತ್ತು ನಿಮಿಷದೊಳಗೆ ಬಿಸಿಲು ಬಿದ್ದ ಜಾಗ ಕಂಚಿನ ಬೂದು ಬಣ್ಣಕ್ಕೆ ತಿರುಗುತ್ತದೆ. ಮೋಡವಿದ್ದರೆ ಇನ್ನಷ್ಟು ಹೊತ್ತು.

ಅಲ್ಲಿ ಆಗುವುದು ಇಷ್ಟೆ. ಬಿಸಿಲಿನ ನೇರಳಾತೀತ ಕಿರಣ ಕಬ್ಬಿಣದ ಅಂಶವನ್ನು ಬದಲಿಸುತ್ತದೆ, ಅದು ಫೆರಿಸೈನೈಡ್ ಜತೆ ಸೇರಿ ನೀರಿನಲ್ಲಿ ಕರಗದ ನೀಲಿಯಾಗುತ್ತದೆ. ನೆರಳಿದ್ದ ಕಡೆಯ ಮದ್ದು ನೀರಿಗೆ ಹೋಗಿಬಿಡುತ್ತದೆ. ಹಾಗಾಗಿ ಹಳದಿ ಪೂರ್ತಿ ಬಿಡುವ ತನಕ ತೊಳೆಯಿರಿ.

ಇಲ್ಲಿ ನನಗೊಮ್ಮೆ ಎಡವಟ್ಟಾಯಿತು. ಬಟ್ಟೆ ನೆನೆಸುವ ಬಕೆಟ್ಟಿನಲ್ಲೇ ತೊಳೆದೆ. ತಳದಲ್ಲಿ ಉಳಿದಿದ್ದ ಸೋಪಿನ ಪುಡಿ ನೀಲಿಯನ್ನೆಲ್ಲ ನುಂಗಿ, ಪೇಲವ ಹಳದಿ ಕಲೆ ಉಳಿಸಿತು. ಈ ನೀಲಿಗೆ ಸೋಪು, ಸೋಡಾ ಆಗಿಬರುವುದಿಲ್ಲ. ಬೋರ್‌ವೆಲ್ ನೀರಾದರೆ ಎರಡು ಹನಿ ನಿಂಬೆರಸ ಹಾಕಿಕೊಳ್ಳಿ.

ಗೋಡೆಗೆ ಹಾಕುವಾಗ

ನೀಲಿ ಅಚ್ಚು ಚೆಂದವೇ, ಆದರೆ ಪಾಚಿಯ ಬಣ್ಣ ಅದರಲ್ಲಿಲ್ಲ. ಆಕಾರ ಮತ್ತು ನಿಜವಾದ ಅಳತೆ ಮಾತ್ರ. ಅದಕ್ಕೇ ಪ್ರತಿ ಅಚ್ಚಿನ ಪಕ್ಕ ಒಣಗಿಸಿಟ್ಟ ಪಾಚಿಯೂ ಇರಲಿ. ಹಸಿರು, ಕಂದು, ಕೆಂಪು ಅಂತ ಮೂರು ಗುಂಪು ಮಾಡಿ. ಉಲ್ವಾ (ಅಲ್ವಾ ಅಲ್ಲ!) ಎಂಬ ಹಸಿರು ಪಾಚಿಯ ದಪ್ಪ ಎರಡೇ ಜೀವಕೋಶ. ಬಿಸಿಲು ಅದರ ಮೂಲಕ ಹಾದು, ಅಚ್ಚಿನಲ್ಲಿ ತೆಳು ನೀಲಿ ಮಡಿಕೆಗಳು ಮೂಡುತ್ತವೆ. ದಪ್ಪ ಕಂದು ಸರ್ಗಾಸಮ್ ಅಚ್ಚ ಬಿಳಿ ಬರುತ್ತದೆ, ಅದರ ಗಾಳಿಗುಳ್ಳೆಗಳು ಮಣಿ ಪೋಣಿಸಿದ ಹಾಗೆ. ಎರಡನ್ನೂ ಅಕ್ಕಪಕ್ಕ ಹಾಕಿದರೆ ಯಾವುದು ತೆಳ್ಳಗೆ, ಯಾವುದು ದಪ್ಪ ಅಂತ ಯಾರೂ ಹೇಳಿಕೊಡಬೇಕಿಲ್ಲ. ಕೆಂಪು ಪಾಚಿಯ ಕೆಳಗೆ ಪುಡಿಂಗಿಗೆ ಹಾಕುವ ಚೈನಾ ಗ್ರಾಸ್ ಒಂದು ಕಟ್ಟು ಇಡಿ. ಅದು ಬರುವುದು ಕೆಂಪು ಪಾಚಿಯಿಂದಲೇ. ಜನ ಅಲ್ಲಿ ಖಂಡಿತ ನಿಲ್ಲುತ್ತಾರೆ.

ಚೀಟಿಯಲ್ಲಿ ಸಿಕ್ಕಿದ ಊರು, ತಾರೀಖು, ಇಳಿತದ ಹೊತ್ತು, ಹೆಕ್ಕಿದವರ ಹೆಸರು ಬರೆಯಿರಿ. ಪಾಚಿಯ ಹೆಸರು ಗೊತ್ತಾಗದಿದ್ದರೆ ‘ಗೊತ್ತಿಲ್ಲ’ ಅಂತಲೇ ಬರೆಯಿರಿ. ಬಂದವರಲ್ಲಿ ಯಾರಾದರೂ ಸಸ್ಯಶಾಸ್ತ್ರದ ಮೇಷ್ಟ್ರು ಹೇಳಿಯಾರು. ನೇರ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ. ಬಣ್ಣ ಮಾಸಿದರೂ ಗಾಬರಿಯಾಗಬೇಡಿ, ಬೀರುವಿನ ಕತ್ತಲಲ್ಲಿ ಕೆಲವು ದಿನ ಇಟ್ಟರೆ ನೀಲಿ ಬಹುಪಾಲು ವಾಪಸ್ ಬರುತ್ತದೆ.