ಮೂತ್ರ ಕೆಂಪಾದರೆ ಮಾತ್ರೆಯನ್ನು ಬೈಯುವ ಮೊದಲು

ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಯಾರಿಗಾದರೂ ಮೂತ್ರ ಕೆಂಪಗೆ ಹೋದರೆ ಮನೆಯಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎಳನೀರು ಬರುತ್ತದೆ, ಬಾರ್ಲಿ ಕುದಿಯುತ್ತದೆ. ಆದರೆ ಆ ವ್ಯಕ್ತಿ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಅದು ರಕ್ತವೂ ಇರಬಹುದು, ಹೀಗೆ ಹೊತ್ತು ಕಳೆಯುವಂತಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಹೆಚ್ಚು ಎಳನೀರೂ ಒಳ್ಳೆಯದಲ್ಲ.

ಮೊದಲು ಹಿಂದಿನ ದಿನದ ಊಟ ನೆನಪಿಸಿಕೊಳ್ಳಿ. ಬೀಟ್‌ರೂಟ್ ಪಲ್ಯ ತಿಂದರೂ ಮೂತ್ರ ಕೆಂಪಾಗಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಅನುಮಾನವಿದ್ದರೆ ಮೂತ್ರ ಪರೀಕ್ಷೆಯೇ ಹೇಳಬೇಕು.

ರಕ್ತ ಗಡ್ಡೆ ಗಡ್ಡೆಯಾಗಿ ಬಂದರೆ, ಮೂತ್ರ ಕಟ್ಟಿಕೊಂಡರೆ, ತಲೆ ಸುತ್ತಿದರೆ, ಮಲ ಡಾಂಬರಿನಂತೆ ಕಪ್ಪಾದರೆ ಬೇರೆ ಯೋಚನೆ ಬೇಡ, 108ಕ್ಕೆ ಕರೆ ಮಾಡಿ. ಜಗಳೂರು, ಮೊಳಕಾಲ್ಮೂರಿನಂಥ ಊರುಗಳಿಂದ ಜಿಲ್ಲಾಸ್ಪತ್ರೆಗೆ ದಾರಿ ದೂರ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಡಬೇಡಿ.

ಇನ್ನು ಮಾತ್ರೆಯ ವಿಷಯ. ಹೆದರಿ ತಾವಾಗಿಯೇ ನಿಲ್ಲಿಸುವವರಿದ್ದಾರೆ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರಿಗೆ ಇದು ಅಪಾಯ: ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಮುಂದಿನ ಮಾತ್ರೆಯ ಹೊತ್ತಿಗೆ ಮೊದಲೇ ವೈದ್ಯರಿಗೆ ಕರೆ ಮಾಡಿ, ನುಂಗಬೇಕೋ ಬೇಡವೋ ಕೇಳಿ.

ಹೋಗುವಾಗ ಮಾತ್ರೆಯ ಪಟ್ಟಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಮಂಡಿ ನೋವಿಗೆಂದು ಮೆಡಿಕಲ್ ಶಾಪ್‌ನಿಂದ ತಂದ ಡೈಕ್ಲೋಫೆನಾಕ್ ಇದ್ದರೆ ಮುಚ್ಚಿಡಬೇಡಿ. ಎಷ್ಟೋ ಸಲ ಕಿತಾಪತಿ ಅದರದ್ದೇ. ಸೋಂಕಿಗೆ ಕೊಡುವ ಮೆಟ್ರೋನಿಡಜೋಲ್, ಕೋಟ್ರೈಮಾಕ್ಸಜೋಲ್‌ನಂಥ ಔಷಧಗಳು ರಕ್ತ ತೆಳುವಾಗುವ ಮಾತ್ರೆಗಳಾದ ವಾರ್ಫರಿನ್, ಅಸಿಟ್ರೋಮ್‌ಗಳ ಪ್ರಭಾವವನ್ನು ಏರಿಸುತ್ತವೆ. ಈ ಎರಡರಲ್ಲಿ ಒಂದನ್ನು ನುಂಗುವವರಿಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐಎನ್‌ಆರ್ ಪರೀಕ್ಷೆಯಾಗುತ್ತದೆ. ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು, ಕೆಲವು ಕವಾಟಗಳಿಗೆ 3.5ರವರೆಗೆ. ಸೊಪ್ಪು ಈ ಮಾತ್ರೆಗಳ ಪ್ರಭಾವ ಇಳಿಸುತ್ತದೆಂದು ಅದನ್ನು ಬಿಡಬೇಕಿಲ್ಲ; ಒಂದು ವಾರ ರಾಶಿ ಮೆಂತ್ಯ ತಿಂದು ಮುಂದಿನ ವಾರ ಮುಟ್ಟದೇ ಇದ್ದರೆ ಮಾತ್ರ ಅಂಕಿ ಕುಣಿಯುತ್ತದೆ. ರಿವರಾಕ್ಸಬಾನ್‌, ಎಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಐಎನ್‌ಆರ್ ಅಳತೆಯಲ್ಲ. ಮೂತ್ರಪಿಂಡದ ಶಕ್ತಿ ನೋಡಲು ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆ ಬೇಕು.

ಐಎನ್‌ಆರ್ ಏರಿದ್ದು ಗೊತ್ತಾದರೂ ಕೆಲಸ ಮುಗಿಯಲಿಲ್ಲ. ಜನ ಎಡವುವುದು ಇಲ್ಲಿ. ಭದ್ರಾ ನಾಲೆಗೆ ನೀರು ಬಿಟ್ಟಾಗ ಗದ್ದೆಯ ಬದುವಿನಲ್ಲಿ ಏಡಿ ಬಿಲ ಎಲ್ಲಿದೆಯೋ ಅಲ್ಲೇ ಸೋರುತ್ತದೆ. ಬಿಲ ಮಾಡಿದ್ದು ನೀರಲ್ಲ. ಮಾತ್ರೆಯ ಕೆಲಸವೂ ಬಹುಮಟ್ಟಿಗೆ ಇಷ್ಟೆ. ಕಲ್ಲೋ, ಸೋಂಕೋ, ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ, ಹಿಗ್ಗಿದ ಪ್ರೊಸ್ಟೇಟ್ ಗ್ರಂಥಿಯೋ, ಗೆಡ್ಡೆಯೋ ಎಂದು ಹುಡುಕಲೇಬೇಕು: ಮೂತ್ರ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಬೇಕಾದರೆ ಮೂತ್ರಕೋಶದೊಳಗೆ ಕ್ಯಾಮೆರಾ ನಳಿಕೆ ಹಾಕಿ ನೋಡುವುದು. ಬೀಡಿ ಸೇದಿದವರಿಗೆ, ನಡುವಯಸ್ಸು ದಾಟಿದವರಿಗೆ ಇದನ್ನು ಬಿಡುವಂತಿಲ್ಲ. ನೋವೇ ಇಲ್ಲದೆ ರಕ್ತ ಬಂದರಂತೂ ಅನುಮಾನ ಹೆಚ್ಚು.

ಎರಡು ದಿನದಲ್ಲಿ ಮೂತ್ರ ತಿಳಿಯಾಯಿತು ಎಂದು ಸ್ಕ್ಯಾನ್ ತಪ್ಪಿಸುವವರಿದ್ದಾರೆ. ಮೂತ್ರಕೋಶದ ಗೆಡ್ಡೆ ಒಂದು ದಿನ ರಕ್ತ ಒಸರಿ, ವಾರಗಟ್ಟಲೆ ಸುಮ್ಮನಿದ್ದು, ಮತ್ತೆ ಒಸರುತ್ತದೆ.