ಇಪ್ಪತ್ತೆರಡು ಗಂಟೆಯ ಬಿಡುವು: ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಇಬ್ಬರೇ ವಾರಾಂತ್ಯ ಕಳೆಯುವುದು ಹೇಗೆ?

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೊಮೀಟರ್. ದಿನವೂ ಹೋಗಿ ಬರುವವರ ಊರು ನಮ್ಮದು. ನಮಗೆ ಬೆಂಗಳೂರು ಎಂದರೆ ಕಚೇರಿ, ಆಸ್ಪತ್ರೆ, ಮದುವೆಯ ಜವಳಿ; ರಾತ್ರಿ ಉಳಿಯಬೇಕಾಗಿ ಬಂದರೆ ನೆಂಟರ ಮನೆ. ದುಡ್ಡು ಕೊಟ್ಟು ದೊಡ್ಡ ಹೋಟೆಲಿನಲ್ಲಿ ಉಳಿಯುತ್ತೇವೆ ಎಂದರೆ, ‘ಒಂಬತ್ತಕ್ಕೆ ಬಸ್ ಹತ್ತಿದರೆ ಹನ್ನೊಂದಕ್ಕೆ ಮನೆ ಸೇರುತ್ತೀರಲ್ಲ’ ಎನ್ನುವವರೇ ಎಲ್ಲ. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ನಾವಿಬ್ಬರೂ ಆ ಮಾತು ಕೇಳಿಸಿಕೊಂಡೇ ಹೊರಟೆವು. ಅಲ್ಲಿಗೆ ಹೋದ ಮೇಲೆ ದೊಡ್ಡ ತಪ್ಪು ಮಾಡಿದೆವು. ಕೊಠಡಿಯಲ್ಲಿ ಚೀಲ ಇಟ್ಟವರೇ ಚಿಕ್ಕಪೇಟೆಗೆ ಹೋಗಿ ಸೀರೆ ನೋಡಿ, ನೆಂಟರೊಬ್ಬರನ್ನು ಮಾತನಾಡಿಸಿ, ರಾತ್ರಿ ಹತ್ತಕ್ಕೆ ಕಾಲೆಳೆದುಕೊಂಡು ಬಂದು ಮಲಗಿದೆವು. ಬೆಳಿಗ್ಗೆ ತಿಂಡಿ ತಿಂದು ಕೊಠಡಿ ಬಿಟ್ಟೆವು. ಬಾತ್‌ಟಬ್ಬಿಗೆ ನೀರನ್ನೂ ಬಿಟ್ಟು ನೋಡಲಿಲ್ಲ.

ಎರಡನೆಯ ಸಲ ಹಾಗಾಗಲಿಲ್ಲ. ಶನಿವಾರ ಮಧ್ಯಾಹ್ನ ಎರಡರಿಂದ ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ನಮಗೆ ಸಿಗುವುದು ಇಪ್ಪತ್ತೆರಡು ಗಂಟೆ. ಅದರಲ್ಲಿ ಒಂದನ್ನೂ ಹೊರಗೆ ಕಳೆಯಬಾರದು ಎಂದು ತೀರ್ಮಾನಿಸಿಕೊಂಡು ಹೋದೆವು. ಮುಂದೆ ಬರೆದಿರುವುದೆಲ್ಲ ಆ ಸಲ ಕಲಿತದ್ದು.

ದಿನ ಮತ್ತು ದರ

ಬೆಂಗಳೂರಿನ ದೊಡ್ಡ ಹೋಟೆಲುಗಳು ಹೆಚ್ಚಾಗಿ ಕಂಪನಿ ಕೆಲಸದ ಮೇಲೆ ಬರುವವರನ್ನು ನಂಬಿಕೊಂಡಿವೆ. ಮಂಗಳವಾರ, ಬುಧವಾರ ಭರ್ತಿಯಾಗಿರುವ ಕೊಠಡಿಗಳು ಶನಿವಾರ ಖಾಲಿ ಬೀಳುತ್ತವೆ. ಕೊಡಗು, ಚಿಕ್ಕಮಗಳೂರಿನಲ್ಲಿ ವಾರಾಂತ್ಯಕ್ಕೆ ದರ ಏರಿದರೆ ಇಲ್ಲಿ ಅನೇಕ ಸಲ ಇಳಿಯುತ್ತದೆ. ಬೆಸ ಸಂಖ್ಯೆಯ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾ ದಿನಗಳನ್ನೂ ಹೊಸವರ್ಷದ ಹಿಂದಿನ ರಾತ್ರಿಯನ್ನೂ ಬಿಟ್ಟುಬಿಡಿ. ಮದುವೆಯ ಮುಹೂರ್ತಗಳಿರುವ ತಿಂಗಳಾದರೆ ಹೋಟೆಲಿಗೆ ಫೋನ್ ಮಾಡಿ, ಆ ದಿನ ಅಲ್ಲಿ ಮದುವೆ ಇದೆಯೇ ಎಂದು ಕೇಳಿ. ಹುಲ್ಲುಹಾಸಿನಲ್ಲಿ ಸಂಗೀತ ಶುರುವಾದರೆ ನಿಮ್ಮ ಸಂಜೆಯ ನೆಮ್ಮದಿ ಹೋಗುತ್ತದೆ.

ದರ ನೋಡುವಾಗ ತೆರಿಗೆ ಸೇರಿಸಿಯೇ ನೋಡಿ. 2025ರ ಸೆಪ್ಟೆಂಬರ್ 22ರಿಂದ ಒಂದು ರಾತ್ರಿಗೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಅಂದರೆ 7,400ರ ಕೊಠಡಿಗೆ ನೀವು ಕೊಡುವುದು 7,770. 7,600ರ ಕೊಠಡಿಗೆ 8,968. ಇನ್ನೂರು ರೂಪಾಯಿಯ ಅಂತರ ಹತ್ತಿರ ಹತ್ತಿರ ಸಾವಿರದ ಇನ್ನೂರಾಗುತ್ತದೆ. ಆ ಗಡಿಯ ಸುತ್ತಮುತ್ತ ಇದ್ದರೆ ರಿಯಾಯಿತಿ ಕೇಳಲು ನಾಚಬೇಡಿ. ಹೆಸರಾಂತ ಹೋಟೆಲುಗಳ ದರ ಹೇಗೂ ಆ ಗಡಿಯ ಆಚೆಯೇ ಇರುತ್ತದೆ. ಅಲ್ಲಿನ ಊಟದ ಬಿಲ್ಲಿಗೂ ಶೇ 18 ಬೀಳುತ್ತದೆ.

ಕಾಯ್ದಿರಿಸುವಾಗ ಎರಡಕ್ಷರದ ಸಂಕೇತಗಳು ಕಾಣುತ್ತವೆ. ‘ಇಪಿ’ ಎಂದರೆ ಕೊಠಡಿ ಮಾತ್ರ, ‘ಸಿಪಿ’ ಎಂದರೆ ಬೆಳಗಿನ ತಿಂಡಿ ಸಹಿತ. ಸಿಪಿಯನ್ನೇ ಆರಿಸಿ. ಅಲ್ಲಿ ಹೋಗಿ ತಿಂಡಿಗೆ ಬೇರೆಯಾಗಿ ದುಡ್ಡು ಕೊಡುವುದು ಸಾಮಾನ್ಯವಾಗಿ ದುಬಾರಿ.

ಯಾವ ಹೋಟೆಲು ಎಂಬುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಮರಗಿಡ ಇಷ್ಟವಿದ್ದರೆ ರೇಸ್‌ಕೋರ್ಸ್ ಬಳಿಯ ತಾಜ್ ವೆಸ್ಟ್ ಎಂಡ್. 1887ರಲ್ಲಿ ಹತ್ತು ಕೊಠಡಿಗಳ ವಸತಿಗೃಹವಾಗಿ ಆರಂಭವಾದ ಅದು ಇಂದು ಸುಮಾರು ಇಪ್ಪತ್ತು ಎಕರೆ ತೋಟದ ನಡುವೆ ಇದೆ. ಅರಮನೆಯ ವೈಭವ ಬೇಕಿದ್ದರೆ ಹಳೆ ವಿಮಾನ ನಿಲ್ದಾಣ ರಸ್ತೆಯ ಲೀಲಾ ಪ್ಯಾಲೇಸ್. ಮೆಟ್ರೊ ಇಳಿದು ನಡೆದೇ ಹೋಗಬೇಕು ಎನ್ನುವವರಿಗೆ ಎಂ.ಜಿ. ರಸ್ತೆಯ ಒಬೆರಾಯ್, ಟ್ರಿನಿಟಿ ನಿಲ್ದಾಣ ಅದರ ಹತ್ತಿರವೇ ಇದೆ.

ಹೊರಡುವ ಮುನ್ನ

ಮಕ್ಕಳನ್ನು ಅಜ್ಜಿಯ ಮನೆಗೆ ಬಿಡುವ ಏರ್ಪಾಡು ಶುಕ್ರವಾರವೇ ಮುಗಿದಿರಲಿ. ಗುರುವಾರ ಹೋಟೆಲಿಗೆ ಒಂದು ಫೋನ್ ಮಾಡಿ. ವಿವಾಹ ವಾರ್ಷಿಕೋತ್ಸವವಾದರೆ ಹೇಳಿ. ಬಹಳಷ್ಟು ಕಡೆ ಕೇಕೋ ಹೂವೋ ಕೊಠಡಿಗೆ ಬರುತ್ತದೆ. ಬಾತ್‌ಟಬ್ ಇರುವ, ಮೇಲಿನ ಮಹಡಿಯ, ಲಿಫ್ಟಿನಿಂದ ದೂರದ ಕೊಠಡಿ ಕೇಳಿ. ಜೋಡಿ ಹಾಸಿಗೆ ಬೇಡ, ಒಂದೇ ದೊಡ್ಡ ಹಾಸಿಗೆ ಸಾಕು ಎಂದು ಸ್ಪಷ್ಟವಾಗಿ ಹೇಳಿ. ಸಸ್ಯಾಹಾರಿಗಳಾದರೆ ಅದನ್ನೂ ಹೇಳಿ, ಕೇಕಿನಲ್ಲಿ ಮೊಟ್ಟೆ ಇರಬಾರದಲ್ಲ.

ಚೀಲದಲ್ಲಿ ಇಬ್ಬರ ಗುರುತಿನ ಚೀಟಿಯೂ ಇರಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಒಯ್ಯುವುದು ಒಳ್ಳೆಯದು. ಈಜುಕೊಳಕ್ಕೆ ಹತ್ತಿಯ ಬಟ್ಟೆಯಲ್ಲಿ ಇಳಿಯಲು ಬಿಡುವುದಿಲ್ಲ. ತೋಳು, ಕಾಲು ಮುಚ್ಚುವ ನೈಲಾನ್ ಈಜುಡುಗೆ ಹೆಂಗಸರಿಗೂ ಸಿಗುತ್ತದೆ, ಇಲ್ಲೇ ಕೊಂಡುಕೊಳ್ಳಿ. ರಾತ್ರಿಯ ಊಟಕ್ಕೆ ನೀವು ಮದುವೆಗೆ ಮಾತ್ರ ಉಡುವ ಆ ಸೀರೆ ಇರಲಿ. ಯಾರದೋ ಮದುವೆಗೆ ಉಡುವುದನ್ನು ನಿಮ್ಮ ಮದುವೆಯ ನೆನಪಿಗೂ ಉಡಬಹುದು.

ರೈಲಿನಲ್ಲಿ ಯಶವಂತಪುರಕ್ಕೆ ಹೋದರೆ ಪಕ್ಕದಲ್ಲೇ ಮೆಟ್ರೊ. ಬಸ್ಸಾದರೆ 2024ರ ನವೆಂಬರ್‌ನಿಂದ ಮೆಟ್ರೊದ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಬಸ್ ಅಲ್ಲಿ ನಿಲ್ಲುತ್ತದೆಯೇ ಎಂದು ನಿರ್ವಾಹಕರನ್ನು ಹತ್ತುವಾಗಲೇ ಕೇಳಿಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಎಂ.ಜಿ. ರಸ್ತೆ.

ಹೋಟೆಲಿನೊಳಗೆ

ಕೌಂಟರಿನಲ್ಲಿ ಭದ್ರತಾ ಠೇವಣಿ ಕೇಳುತ್ತಾರೆ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಆ ಮೊತ್ತವನ್ನು ತಡೆಹಿಡಿದು ಆಮೇಲೆ ಬಿಡುತ್ತಾರೆ. ಡೆಬಿಟ್ ಕಾರ್ಡಾದರೆ ಹಣ ಖಾತೆಯಿಂದಲೇ ಹೋಗಿ, ಹಿಂದಿರುಗಲು ಕೆಲವು ದಿನ ಹಿಡಿಯಬಹುದು. ಅಲ್ಲಿಯೇ ಸ್ಪಾ, ರಾತ್ರಿಯ ಊಟದ ಮೇಜು ಎರಡನ್ನೂ ಕಾಯ್ದಿರಿಸಿಕೊಳ್ಳಿ. ಕನ್ನಡದಲ್ಲಿಯೇ ಮಾತನಾಡಿ. ಅಲ್ಲಿ ಕೆಲಸ ಮಾಡುವವರಲ್ಲಿ ಶಿರಾ, ಗುಬ್ಬಿ ಕಡೆಯ ಹುಡುಗರೂ ಸಿಗುತ್ತಾರೆ. ನಮ್ಮ ಚೀಲ ಹೊತ್ತು ತಂದ ಹುಡುಗ ಮಧುಗಿರಿಯವನು. ‘ಅಕ್ಕ, ಆರು ಗಂಟೆಗೆ ಕೊಳದ ಪಕ್ಕ ಬಿಸಿಲು ಇಳಿದಿರುತ್ತದೆ, ಆಗ ಹೋಗಿ’ ಎಂದು ಅವನು ಹೇಳಿದ್ದನ್ನು ನಾನು ಇನ್ನೂ ಮರೆತಿಲ್ಲ.

ಕೊಠಡಿಗೆ ಹೋದೊಡನೆ ಬಾಗಿಲಿಗೆ ‘ತೊಂದರೆ ಕೊಡಬೇಡಿ’ ಫಲಕ ಹಾಕಿ. ನೀರಿನ ಬಾಟಲಿ, ಕೆಟಲ್ ಪಕ್ಕದ ಕಾಫಿ, ಚಹಾ ಪೊಟ್ಟಣಗಳು ಸಾಮಾನ್ಯವಾಗಿ ಉಚಿತ. ಪುಟ್ಟ ಫ್ರಿಜ್ಜಿನಲ್ಲಿರುವ ಚಾಕೊಲೇಟ್, ತಂಪುಪಾನೀಯಗಳ ಬೆಲೆಪಟ್ಟಿ ನೋಡಿಯೇ ಮುಟ್ಟಿ.

ಈಗ ಬಾತ್‌ಟಬ್. ಮೊದಲು ತಳದ ಮುಚ್ಚಳ ಹಾಕಿ, ತಣ್ಣೀರು ಬಿಟ್ಟು, ಅನಂತರ ಬಿಸಿನೀರು ಬೆರೆಸಿ. ಮೂರರಲ್ಲಿ ಎರಡು ಭಾಗ ತುಂಬಿದರೆ ಸಾಕು, ನೀವು ಇಳಿದಾಗ ನೀರು ಮೇಲೇರುತ್ತದೆ. ಮಗುವಿನ ಎಣ್ಣೆಸ್ನಾನಕ್ಕೆ ನೀರು ನೋಡುವಂತೆ ಮೊಣಕೈ ಅದ್ದಿ ಬಿಸಿ ನೋಡಿ. ಇಟ್ಟಿರುವ ಉಪ್ಪನ್ನೋ ನೊರೆಯ ದ್ರವವನ್ನೋ ಹರಿಯುವ ನೀರಿಗೇ ಹಾಕಿ. ಹದಿನೈದು, ಇಪ್ಪತ್ತು ನಿಮಿಷ ಸುಮ್ಮನೆ ಒರಗಿರಿ. ರಕ್ತದೊತ್ತಡ ಇರುವವರು ನೀರು ಹದವಾಗಿಟ್ಟುಕೊಂಡು, ಏಳುವಾಗ ಅಂಚು ಹಿಡಿದು ನಿಧಾನವಾಗಿ ಏಳಬೇಕು. ಬೆಳಿಗ್ಗೆ ಐದಕ್ಕೆ ನೀರು ಹಿಡಿದು, ಎಲ್ಲರ ಸ್ನಾನ ಆದ ಮೇಲೆ ಉಳಿದ ಅರ್ಧ ಬಕೆಟ್ಟಿನಲ್ಲಿ ಮೈ ತೊಳೆದುಕೊಂಡೇ ಇಪ್ಪತ್ತೈದು ವರ್ಷ ಕಳೆದ ನನಗೆ, ‘ಬೇಗ ಬಾ’ ಎಂದು ಯಾರೂ ಬಾಗಿಲು ತಟ್ಟದ ಆ ಇಪ್ಪತ್ತು ನಿಮಿಷವೇ ಇಡೀ ವಾರಾಂತ್ಯದ ಬೆಲೆ ಅನ್ನಿಸಿತು. ನಮ್ಮ ಯಜಮಾನರು ಹೊರಗೆ ಕೆಟಲ್‌ನಲ್ಲಿ ಕಾಫಿ ಮಾಡಿಟ್ಟಿದ್ದರು.

ಸ್ಪಾಕ್ಕೆ ಹೋಗುವುದಾದರೆ ಹೊಟ್ಟೆ ಹಗುರವಾಗಿರಲಿ. ಬೆನ್ನುನೋವು, ಸಕ್ಕರೆ ಕಾಯಿಲೆ, ಗರ್ಭ ಯಾವುದಿದ್ದರೂ ಮೊದಲೇ ಹೇಳಿ. ಹೆಂಗಸರಿಗೆ ಮಸಾಜ್ ಮಾಡಲು ಹೆಂಗಸರೇ ಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಸ್ಪಾ ಕೈಗೆಟುಕದಿದ್ದರೆ ಬಿಡಿ. ಉಗಿಸ್ನಾನದ ಕೋಣೆ, ಈಜುಕೊಳಗಳು ಅನೇಕ ಕಡೆ ಕೊಠಡಿಯ ದರದಲ್ಲೇ ಸೇರಿರುತ್ತವೆ.

ರಾತ್ರಿಯ ಊಟಕ್ಕೆ ಬಫೆ ಬೇಡ, ಮೆನು ನೋಡಿ ಎರಡು ಬಗೆ ತರಿಸಿ ಹಂಚಿಕೊಳ್ಳಿ. ಗೊತ್ತಿಲ್ಲದ ಹೆಸರಿದ್ದರೆ ಬಡಿಸುವವರನ್ನೇ ಕೇಳಿ, ವಿವರಿಸಿ ಹೇಳುತ್ತಾರೆ. ಬೆಳಗಿನ ತಿಂಡಿಗೆ ಮಾತ್ರ ಬಫೆ. ಎಂಟಕ್ಕೆ ಹೋಗಿ, ಒಂದೂವರೆ ಗಂಟೆ ಕುಳಿತುಕೊಳ್ಳಿ. ಇಡ್ಲಿಯ ಕಡೆ ಹೋಗಬೇಡಿ. ತಟ್ಟೆ ಇಡ್ಲಿಯ ಊರಿನಿಂದ ಬಂದವರು ನೀವು. ಚೀಸ್, ಬಗೆಬಗೆಯ ಬ್ರೆಡ್, ನಮ್ಮಲ್ಲಿ ಅಪರೂಪವಾದ ಹಣ್ಣುಗಳನ್ನು ಸ್ವಲ್ಪ ಸ್ವಲ್ಪ ರುಚಿ ನೋಡಿ.

ಬಿಲ್ಲು ಮತ್ತು ಹಿಂದಿರುಗುವುದು

ತಡವಾಗಿ ಕೊಠಡಿ ಬಿಡಲು ಅವಕಾಶ ಇದೆಯೇ ಎಂದು ಬೆಳಿಗ್ಗೆಯೇ ಕೇಳಿ. ಇಲ್ಲವೆಂದರೂ ಚೀಲವನ್ನು ಅವರ ಬಳಿ ಇಟ್ಟು ತೋಟದಲ್ಲಿ ಸಂಜೆಯವರೆಗೆ ಕುಳಿತಿರಬಹುದು. ಬಿಲ್ಲನ್ನು ಸಾಲು ಸಾಲಾಗಿ ಓದಿ. ಸೇವಾ ಶುಲ್ಕವನ್ನು ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಲು ಹೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಆ ಹಣವನ್ನು ಚೀಲ ಹೊತ್ತ ಹುಡುಗನಿಗೂ ಹಾಸಿಗೆ ಹಾಸಿದ ಹೆಣ್ಣುಮಗಳಿಗೂ ನೀವೇ ಕೈಗೆ ಕೊಡಿ. ಸೋಪು, ಬಾಚಣಿಗೆ ತರಬಹುದು. ಟವೆಲ್, ನಿಲುವಂಗಿ ಅವರದು.

ಹಿಂದಿರುಗುವಾಗ ಊರಿಗೆ ಮುಂಚೆ ಕ್ಯಾತ್ಸಂದ್ರ ಬರುತ್ತದೆ. ಅಲ್ಲಿ ಇಳಿದು ಮನೆಮಂದಿಗೆಲ್ಲ ತಟ್ಟೆ ಇಡ್ಲಿ ಕಟ್ಟಿಸಿಕೊಳ್ಳಿ. ಭಾನುವಾರ ರಾತ್ರಿ ಒಲೆ ಹಚ್ಚುವುದು ಬೇಡ.